ಹಸಿರು ಗೋಡೆಯ ಉಬ್ಬು

ಸೊಟ್ಟಗಿರುವುದನ್ನು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಯಾರ ಮನೆಗಾದರೂ ಊಟಕ್ಕೆ ಹೋದರೆ, ಗೋಡೆಯ ಮೇಲಿನ ಫೋಟೋ ಎಡಕ್ಕೆ ವಾಲಿದೆಯೆಂದು ಅರ್ಧ ಊಟದಲ್ಲಿ ಎದ್ದು ಸರಿಮಾಡಿ ಬರುತ್ತೇನೆ. ಸತ್ಯನಾರಾಯಣ ಪೂಜೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದಿದ್ದರೆ ನಾನು ಮಾತ್ರ ಮಂಟಪದ ಒಂದು ಬಾಳೆಕಂಬ ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡವಾಗಿರುವುದನ್ನು ನೋಡುತ್ತಾ ಸಂಕಟಪಡುತ್ತಿರುತ್ತೇನೆ. ನನ್ನ ಹೆಂಡತಿ ಸುಮಿತ್ರಾ ಇದನ್ನು ಕಾಯಿಲೆ ಎನ್ನುತ್ತಾಳೆ. ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ ವಿದ್ಯುತ್ ಕಾರು ಮಾಡುವವರು ಇದಕ್ಕೇ ಸಂಬಳ ಕೊಡುತ್ತಾರೆ. ಕಾರಿನ ಬಾಗಿಲಿಗೂ ಅದರ ಮೈಗೂ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇದೆಯೇ ಎಂದು ನೋಡುವುದು ನನ್ನ ಉದ್ಯೋಗ. ಮಂಡ್ಯದಲ್ಲಿರುವ ನಮ್ಮ ಸೋದರತ್ತೆಗೆ ಇದನ್ನು ಎಷ್ಟು ಸಲ ವಿವರಿಸಿದರೂ ಅವರು ಕೇಳುವುದು ಒಂದೇ: "ಅಂದ್ರೆ ಸಂದೀಲಿ ಇಣುಕೋ ಕೆಲ್ಸ. ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಪುಟ್ಟಸ್ವಾಮಿ?"

ಇಂಥ ನಾನು ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ದೊಡ್ಡ ಮನೆಯೊಂದರ ಬಾಗಿಲಲ್ಲಿ ಹೋಗಿ ನಿಂತೆ. ನಾನಾಗಿ ಹೋದದ್ದಲ್ಲ. ನಮ್ಮ ಭಾನುವಾರಗಳು ಸಾಮಾನ್ಯವಾಗಿ ಗ್ರೋಸರಿಗೆ, ನೆಂಟರು ಬಂದಿದ್ದರೆ ಗಿಲ್‌ರಾಯ್ ಊರಿನ ರಿಯಾಯಿತಿ ಅಂಗಡಿಗಳಿಗೆ ಸಲ್ಲುತ್ತವೆ. ಅಂದು ಮಗಳು ಅನಘಾಳಿಗೆ ಚಿತ್ರಕಲೆಯ ಕ್ಲಾಸಿಗಾಗಿ ದೂರ ಹೋದಂತೆಲ್ಲ ಗೆರೆಗಳು ಒಂದೇ ಚುಕ್ಕೆಯಲ್ಲಿ ಕೂಡುವಂಥ ನೋಟವೊಂದನ್ನು ಬರೆಯಬೇಕಿತ್ತು. ಈಗ ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದಾದ ಈ ಮನೆಯ ಹೆಸರನ್ನು ಟೀಚರು ಹೇಳಿದ್ದರು. ಡಂಬಾರ್ಟನ್ ಸೇತುವೆ ದಾಟಿ, ಕೊಲ್ಲಿಯ ಆಚೆ ದಡದ ಬೆಟ್ಟಗಳ ಬುಡ ಸೇರಿ, ಓಕ್ ಮರಗಳ ನಡುವಿನ ರಸ್ತೆಯಲ್ಲಿ ತಿರುಗಿದಾಗ ಅದು ಕಂಡಿತು. ಕೆಂಪು ಇಟ್ಟಿಗೆಯ, ಎತ್ತರದ ಬಿಳಿ ಕಿಟಕಿಗಳ ಮನೆ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜಹಗೀರುದಾರರು ಕಟ್ಟಿಸಿಕೊಳ್ಳುತ್ತಿದ್ದಂಥದ್ದು. ಆದರೆ ಇದನ್ನು ಕಟ್ಟಿಸಿದಾತ ಜಹಗೀರುದಾರನೂ ಅಲ್ಲ, ಇಂಗ್ಲಿಷಿನವನೂ ಅಲ್ಲ. ಸುಮಾರು ನೂರು ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಶ್ರೀಮಂತನಾದವನು. ಊರೇ ಇಲ್ಲದ ಕಡೆ ಪಿತ್ರಾರ್ಜಿತದ ಮನೆಯನ್ನು ಹೊಸದಾಗಿ ಕಟ್ಟಿಸಬೇಕೆಂದು ಅವನಿಗೆ ಅನ್ನಿಸಿತಂತೆ. ಈ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಟೌನ್‌ಹೌಸಿನ ಬಾಲ್ಕನಿಯಲ್ಲಿ ಒಂದು ಉಯ್ಯಾಲೆಮಣೆ ತೂಗುಹಾಕಿರುವವನು ನಾನು. ಅದರಲ್ಲಿ ಕೂತರೆ ಮೊಣಕಾಲು ಕಟಕಟೆಗೆ ಬಡಿಯುತ್ತದೆ.

ಮನೆಯೊಳಗಿನ ವೈಭವ ನಾನು ವರ್ಣಿಸುವುದಿಲ್ಲ. ತೂಗುದೀಪ, ಅಮೃತಶಿಲೆ, ಯಾರೂ ಕೂರಬಾರದ ಕುರ್ಚಿಗಳು, ಇವು ಎಲ್ಲ ದೊಡ್ಡ ಮನೆಗಳಲ್ಲೂ ಇರುತ್ತವೆ. ನೃತ್ಯದ ದೊಡ್ಡ ಹಜಾರ ದಾಟಿ ಅದರ ಹಿಂಬಾಗಿಲಲ್ಲಿ ನಿಂತೆನಲ್ಲ, ಅಲ್ಲಿ ಕಂಡದ್ದನ್ನು ಮಾತ್ರ ಹೇಳಲೇಬೇಕು. ನನ್ನ ಪಾದದಿಂದ ಹೊರಟ ಒಂದು ಹಾದಿ ದಾರ ಎಳೆದ ಹಾಗೆ ನೇರ ಹೋಗಿತ್ತು. ಅದರ ಎರಡೂ ಬದಿ ಆಳೆತ್ತರ ಮೀರಿದ ಹಸಿರು ಗೋಡೆ. ಗೋಡೆಯೆಂದರೆ ಗಿಡಗಳ ಗೋಡೆ, ಆದರೆ ಒಂದು ಎಲೆ ಹೊರಗಿಲ್ಲ, ಒಂದು ಎಲೆ ಒಳಗಿಲ್ಲ. ಗೋಡೆ ಮುಗಿದಲ್ಲಿ ಕಬ್ಬಿಣದ ಗೇಟು, ಗೇಟಿನ ಆಚೆ ನೇರ ಅದೇ ಗೆರೆಯಲ್ಲಿ ಬೆಟ್ಟದ ತುದಿ. ಆ ಬೆಟ್ಟದ ಮೇಲಿಂದ ಸಮುದ್ರದ ಮಂಜು ಉಕ್ಕಿದ ಹಾಲಿನ ಹಾಗೆ ನಿಧಾನವಾಗಿ ಇಳಿಯುತ್ತಿತ್ತು. ಆ ಬೆಟ್ಟಗಳ ಬುಡದಲ್ಲೇ ಭೂಮಿಯ ದೊಡ್ಡ ಬಿರುಕು ಹಾದುಹೋಗಿರುವುದು ಇಲ್ಲಿನವರಿಗೆಲ್ಲ ಗೊತ್ತು. ಯಾವಾಗ ಅಲ್ಲಾಡುವುದೋ ತಿಳಿಯದ ಅಂಥ ನೆಲದ ಪಕ್ಕದಲ್ಲಿ ಯಾರೋ ಸ್ಕೇಲು ಇಟ್ಟು ಗೆರೆ ಎಳೆದಿದ್ದರು. ನಾನು ದೇವಸ್ಥಾನದಲ್ಲಿ ನಿಂತಷ್ಟು ಹೊತ್ತು ಅಲ್ಲಿ ನಿಂತಿದ್ದೆ.

"ಏನ್ರೀ, ಉಸಿರಾಡ್ತಾ ಇದೀರಾ?" ಎಂದಳು ಸುಮಿತ್ರಾ.

ಅವಳಿಗೆ ಬೇರೆ ಚಿಂತೆ. "ಇಷ್ಟು ದೊಡ್ಡ ತೋಟದಲ್ಲಿ ಒಂದು ಕರಿಬೇವಿನ ಗಿಡ ಇಲ್ವಲ್ರೀ!"

ಅವಳದು ತಪ್ಪಲ್ಲ. ತೋಟವೆಂದರೆ ನಮಗೆ ತೆಂಗು, ಬಾಳೆ, ವೀಳ್ಯದೆಲೆ. ಕೊನೆಗೆ ಏನಾದರೂ ಅಡಿಗೆಮನೆಗೋ ಮಾರ್ಕೆಟ್ಟಿಗೋ ಹೋಗಬೇಕು. ಹೂವಿನ ತೋಟವೂ ದೇವರ ತಲೆ ಮೇಲೆ ಮುಗಿಯಬೇಕು. ಇಲ್ಲಿ ಬೆಳೆಯುವುದು ನೇರವಾದ ಗೆರೆಯನ್ನು ಎಂದು ಅವಳಿಗೆ ಹೇಗೆ ಹೇಳುವುದು? "ಯಾವ ಗಿಡ ಇದು?" ಎಂದು ಕೇಳಿದಳು. ಫಲಕ ಓದಿ "ಯೂ" ಎಂದೆ. "ನಾನಾ?" ಎಂದಳು. "ನೀನಲ್ಲ, ಮರದ ಹೆಸರೇ ಯೂ." ಅನಘಾ ತಲೆ ಎತ್ತದೆ, "ಓ ಮೈ ಗಾಡ್, ಯೂ ಗೈಸ್," ಎಂದು ಚಿತ್ರ ಮುಂದುವರಿಸಿದಳು.

ಆಮೇಲೆ ಈ ಮರದ ಬಗ್ಗೆ ಓದಿದೆ. ಇಂಗ್ಲೆಂಡಿನ ಚರ್ಚುಗಳ ಅಂಗಳದಲ್ಲಿ ಸಾವಿರ ವರ್ಷ ದಾಟಿದ ಯೂ ಮರಗಳಿವೆಯಂತೆ. ಎಲೆ ವಿಷ, ದನ ತಿಂದರೆ ಉಳಿಯುವುದಿಲ್ಲ. ಹಿಂದಿನ ಕಾಲದಲ್ಲಿ ಯುದ್ಧದ ಬಿಲ್ಲುಗಳನ್ನು ಇದರ ಕಟ್ಟಿಗೆಯಿಂದ ಮಾಡುತ್ತಿದ್ದರು. ಇಷ್ಟು ಉಗ್ರವಾದ ಮರವನ್ನು ಕತ್ತರಿಯಿಂದ ಸವರಿ ಸವರಿ ಡ್ರಾಯಿಂಗ್ ರೂಮಿನ ಸೋಫಾದಷ್ಟು ಸಾಧುವಾಗಿ ಕೂರಿಸಿದ್ದಾರಲ್ಲ! ಮೂರು ವಾರ ಇದೇ ಯೋಚನೆ. ನಾಲ್ಕನೆಯ ವಾರ, ತುಳಸಿಯನ್ನೂ ಉಳಿಸಿಕೊಳ್ಳಲಾಗದ ನಾನು, ಶನಿವಾರ ಬೆಳಿಗ್ಗೆ ಅಲ್ಲಿ ಬಿಟ್ಟಿ ಕೆಲಸ ಮಾಡುವ ಸ್ವಯಂಸೇವಕರ ಪಟ್ಟಿಗೆ ಹೆಸರು ಬರೆಸಿದೆ.

ನನ್ನನ್ನು ಮಾರ್ಗರೆಟ್ ಕೈಗೆ ಒಪ್ಪಿಸಿದರು. ಗಿಡದ ಬೇಲಿಗಳ ಉಸ್ತುವಾರಿ ಅವರದು. ಎಪ್ಪತ್ತಕ್ಕೆ ಒಂದು ಕಡಿಮೆ, ಗಿಡ್ಡ ಆಳು, ಅಗಲ ಹ್ಯಾಟು, ಮೊಣಕಾಲಿಗೆ ಕಟ್ಟಿದ ರಬ್ಬರಿನ ಮೆತ್ತೆ. ಧ್ವನಿ ಎತ್ತಿದ್ದನ್ನು ನಾನು ಕೇಳಿಲ್ಲ, ಆದರೂ ಅವರು ಬರುತ್ತಿದ್ದರೆ ನಾವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಇಂಥದೇ ಒಂದು ಮನೆಯ ತೋಟದ ಮಾಲಿಯ ಬಿಡಾರದಲ್ಲಿ. ಅದು ಅಸಲಿ ಮನೆ, ಇದು ಅದರಂಥವುಗಳ ನಕಲು. ಅವರ ತಂದೆ ಅಲ್ಲಿ ನಲವತ್ತು ವರ್ಷ ಬೇಲಿ ಕತ್ತರಿಸಿದ್ದರಂತೆ. "ಈಗ ಆ ಮನೆ ಹೋಟೆಲು. ಬೇಲಿ ಇದ್ದ ಜಾಗದಲ್ಲಿ ಕಾರು ನಿಲ್ಲಿಸ್ತಾರೆ," ಎಂದು ಒಂದೇ ಒಂದು ಸಲ, ನನ್ನ ಕಡೆ ಬೆನ್ನು ಮಾಡಿಕೊಂಡು ಹೇಳಿದ್ದರು. (ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಆ ಗಾಂಭೀರ್ಯ ಇದರಲ್ಲಿ ಇಳಿಯದಿದ್ದರೆ ತಪ್ಪು ನನ್ನದು.)

ಮೊದಲ ಎಂಟು ತಿಂಗಳು ನನಗೆ ಕತ್ತರಿ ಕೊಡಲಿಲ್ಲ. ಅವರು ಕತ್ತರಿಸಿ ಉದುರಿಸಿದ್ದನ್ನು ಗುಡಿಸಿ, ಟಾರ್ಪಾಲಿನಲ್ಲಿ ಎಳೆದುಕೊಂಡು ಹೋಗುವುದು ನನ್ನ ಪಾಲು. ಆಮೇಲೆ ಕತ್ತರಿ ಬಂತು, ಮೊಣಕಾಲೆತ್ತರದ ಸಣ್ಣ ಬೇಲಿಗಳ ಹಿಂಭಾಗ ಬಂತು. ಹಿಂಭಾಗವೆಂದರೆ ಯಾರೂ ನೋಡದ ಕಡೆ. ಎರಡು ಗೂಟ, ನಡುವೆ ದಾರ, ಕೈಯಲ್ಲಿ ತೂಗುಗುಂಡು. ನಮ್ಮೂರಿನ ಗಾರೆ ಕೆಲಸದವರ ಸಾಮಾನು. ಯೂ ಗೋಡೆಯನ್ನು ಮಾತ್ರ ಅವರೇ ಕತ್ತರಿಸುತ್ತಿದ್ದರು. ನನಗೆ ಹೇಳಿದ ನಿಯಮ ಒಂದೇ: ಅನುಮಾನ ಬಂದರೆ ಕತ್ತರಿ ಕೆಳಗಿಡಿ, ಮಿಸ್ಟರ್ ಸ್ವಾಮಿ.

ತೊಂದರೆಯೇನೆಂದರೆ, ಆ ದಿನ ನನಗೆ ಅನುಮಾನವೇ ಬರಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ. ತೋಟದ ಇನ್ನೊಂದು ತುದಿಯಲ್ಲಿ ನೀರಿನ ಪೈಪು ಒಡೆದು ಮಾರ್ಗರೆಟ್ ಅತ್ತ ಓಡಿದ್ದರು. ಯೂ ಗೋಡೆಯ ಬುಡದಲ್ಲಿ ಗುಡಿಸುತ್ತಿದ್ದವನು ಸುಮ್ಮನೆ ಒಮ್ಮೆ ಕತ್ತು ವಾಲಿಸಿ ಗೋಡೆಯುದ್ದಕ್ಕೂ ಕಣ್ಣು ಹಾಯಿಸಿದೆ. ಹಳೆಯ ಓಕ್ ಮರವೊಂದರ ಹತ್ತಿರ ಗೋಡೆ ಉಬ್ಬಿತ್ತು. ನಂಬಲಿಲ್ಲ. ದಾರ ಕಟ್ಟಿ ನೋಡಿದೆ. ಎರಡು ಅಂಗುಲ! ನನ್ನ ಕೆಲಸದಲ್ಲಿ ಎರಡು ಅಂಗುಲವೆಂದರೆ ಕಾರಿನ ಬಾಗಿಲ ಸಂದಿಯಿಂದ ಕೈ ಹಾಕಿ ಒಳಗಿನವರ ಕೈ ಕುಲುಕಬಹುದು. ಪಾಪ, ವಯಸ್ಸಾಯಿತು, ಕಣ್ಣು ಸೋತಿರಬೇಕು, ಅವರು ಬರುವುದರೊಳಗೆ ಸದ್ದಿಲ್ಲದೆ ಸರಿಮಾಡಿಬಿಟ್ಟರೆ ಅವರ ಮರ್ಯಾದೆ ಉಳಿಯುತ್ತದೆ, ಅಂದುಕೊಂಡೆ. ಹೌದು, ಉಪಕಾರ ಮಾಡುವ ಮನಸ್ಸಿನಿಂದಲೇ ಕತ್ತರಿ ಎತ್ತಿಕೊಂಡೆ.

ಮೊದಲ ಹತ್ತು ನಿಮಿಷ ಬಹಳ ಚೆನ್ನಾಗಿ ಹೋಯಿತು. ಆಮೇಲೆ ಒಂದು ರೆಂಬೆ ಕತ್ತರಿಸಿದೆ, ಅದರ ಜೊತೆ ಒಂದು ಮೊರದಷ್ಟು ಹಸಿರು ಕಳಚಿ ನನ್ನ ಕಾಲ ಮೇಲೆ ಬಿತ್ತು. ಅದು ಇದ್ದ ಜಾಗದಲ್ಲಿ ಕಪ್ಪು ಗವಿ.

ಆಗ ತಿಳಿಯಿತು, ಆ ಗೋಡೆಯ ಹಸಿರು ನಾಲ್ಕು ಬೆರಳಿನಷ್ಟೇ ದಪ್ಪ. ಅದರ ಹಿಂದೆ ಎಲೆಯಿಲ್ಲ, ಬೆಳಕಿಲ್ಲ. ಆ ತೂತಿನಲ್ಲಿ ತಲೆ ಹಾಕಿದೆ. ನಿಮಗೆ ನಾಚಿಕೆಯಿಂದಲೇ ಹೇಳುತ್ತೇನೆ, ಮಾಡಿದ ತಪ್ಪು ಒಂದು ಕ್ಷಣ ಮರೆತೇಹೋಯಿತು. ಕೆಂಪು ಕಂದು ಬಣ್ಣದ ಕಾಂಡಗಳು ಕಂಬಗಳ ಹಾಗೆ ಸಾಲಾಗಿ ಎರಡೂ ಕಡೆ ಕತ್ತಲಿನೊಳಗೆ ಹೋಗಿದ್ದವು. ತಂಪು, ಒಣ ವಾಸನೆ, ನಿಶ್ಶಬ್ದ. ಹೊರಗೆ ಪ್ರವಾಸಿಗರ ಗಲಾಟೆ ಎಲ್ಲೋ ದೂರದ್ದು ಅನ್ನಿಸಿತು. ಆ ಕಂಬಗಳಲ್ಲಿ ಒಂದೂ ನೇರವಿರಲಿಲ್ಲ. ಒಂದು ತಿರುಚಿಕೊಂಡಿತ್ತು, ಒಂದು ಪಕ್ಕದ್ದರ ಹೆಗಲಿಗೆ ಒರಗಿತ್ತು, ಒಂದು ಅರ್ಧ ಸತ್ತು ಅರ್ಧ ಬದುಕಿತ್ತು. ನೂರು ವರ್ಷ ಇವು ಹೀಗೆ ಕತ್ತಲಲ್ಲಿ ನಿಂತು ಹೊರಗೆ ಆ ನೇರವಾದ ಹಸಿರನ್ನು ಹಿಡಿದುಕೊಂಡಿದ್ದವು.

ತಲೆ ಹೊರಗೆ ತೆಗೆದಾಗ ಭಯ ಮರಳಿ ಬಂತು. ಕತ್ತರಿಸಿದ ರೆಂಬೆಗಳನ್ನೇ ಬಾಚಿ ತೂತಿಗೆ ತುರುಕಿದೆ. ಅಷ್ಟರಲ್ಲಿ ಹಿಂದಿನಿಂದ ಕನ್ನಡ ಕೇಳಿಸಿತು. "ಇಲ್ಲೇ ಸೂಪರಾಗಿದೆ, ಇಲ್ಲೇ ನಿಂತ್ಕೋ." ಹಸಿರು ರೇಷ್ಮೆ ಸೀರೆಯ ತುಂಬು ಬಸುರಿ, ಕ್ಯಾಮೆರಾ ಹಿಡಿದ ಗಂಡ, ಜೊತೆಗೆ ಅತ್ತೆ. ಸೀಮಂತಕ್ಕೆ ಮುಂಚಿನ ಫೋಟೋ ತೆಗೆಯಲು ಬಂದವರು. ಇಡೀ ತೋಟದಲ್ಲಿ ಅವರಿಗೆ ಹಿಡಿಸಿದ್ದು ನಾನು ಬೆನ್ನು ಕೊಟ್ಟು ನಿಂತಿದ್ದ ಜಾಗ.

"ಎಕ್ಸ್‌ಕ್ಯೂಸ್ ಮೀ, ಕುಡ್ ಯೂ ಮೂವ್ ಎ ಬಿಟ್?" ಎಂದ ಗಂಡ.

"ಆಗಲ್ಲ," ಎಂದೆ.

"ಓ, ಕನ್ನಡದವ್ರಾ! ಒಂದೇ ಒಂದು ಫೋಟೋ ಸಾರ್. ಟೂ ಮಿನಿಟ್ಸು."

"ಇಲ್ಲಿ ನಿಲ್ಲೋದು ನನ್ನ ಡ್ಯೂಟಿ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಿಡೋ, ಪಾಪ, ಇಲ್ಲಿ ವಾಚ್‌ಮ್ಯಾನ್ ಕೆಲ್ಸ ಸಿಕ್ಕಿರ್ಬೇಕು ಅವ್ರಿಗೆ. ಎಲ್ಲಿಯವ್ರಪ್ಪಾ ನೀವು?"

"ಮಂಡ್ಯ ಅಮ್ಮಾ."

"ನಾವು ಹಾಸನ. ಊಟ ಆಯ್ತಾ?" ಎಂದು ಚೀಲದಿಂದ ಎರಡು ಕೋಡುಬಳೆ ತೆಗೆದು ಕೊಟ್ಟರು. ಬೇಲಿಗೆ ಒರಗಿಕೊಂಡೇ ಕೋಡುಬಳೆ ತಿಂದೆ. ಅವರು ಹತ್ತು ಹೆಜ್ಜೆ ಆಚೆ ನಿಂತು ಫೋಟೋ ತೆಗೆದುಕೊಂಡು ಹೋದರು. ಪೈಪು ರಿಪೇರಿ ಮುಗಿಯುವ ಮೊದಲೇ ನಾನೂ ಹೊರಟೆ. ಮಾರ್ಗರೆಟ್‌ಗೆ ಹೇಳದೆ ಹೊರಟ ಮೊದಲ ಶನಿವಾರ ಅದು.

ಭಾನುವಾರ ಮಧ್ಯಾಹ್ನ ಸುಮಿತ್ರಾ ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು, "ಏನಾಗಿದೆ ನಿಮಗೆ? ಆ ಗಡಿಯಾರ ಬೆಳಿಗ್ಗೆಯಿಂದ ವಾಲ್ಕೊಂಡಿದೆ, ನೀವು ನೋಡ್ಲೇ ಇಲ್ಲ." ಎಲ್ಲ ಹೇಳಿದೆ. ತುರುಕಿದ ರೆಂಬೆ ಬುಧವಾರದೊಳಗೆ ಕಂದಾಗುತ್ತದೆ, ಆಗ ಗೊತ್ತಾಗಿಯೇ ಆಗುತ್ತದೆ, ಆದರೆ ಯಾರು ಮಾಡಿದ್ದೆಂದು ಗೊತ್ತಾಗಬೇಕೆಂದಿಲ್ಲ, ಅದನ್ನೂ ಹೇಳಿದೆ.

"ಡ್ಯಾಡ್, ಜಸ್ಟ್ ಟೆಕ್ಸ್ಟ್ ಹರ್," ಎಂದಳು ಅನಘಾ.

"ಟೆಕ್ಸ್ಟು ಗಿಕ್ಸ್ಟು ಬೇಡ," ಎಂದಳು ಸುಮಿತ್ರಾ. "ಅವರಪ್ಪನ ಬೇಲಿ ಹೋಟೆಲಿನವರು ಕಿತ್ತಾಗ ಅವರಿಗೆ ಯಾರೂ ಬಂದು ಹೇಳಿರಲ್ಲ. ನೀವು ಹೋಗಿ ಎದುರಿಗೆ ನಿಂತು ಹೇಳಿ."

ಸೋಮವಾರ ಅರ್ಧ ದಿನ ರಜೆ ಹಾಕಿ ಸೇತುವೆ ದಾಟಿದೆ. ಮಾರ್ಗರೆಟ್ ಗುಲಾಬಿಗಳ ಹತ್ತಿರ ಇದ್ದರು. ಶನಿವಾರವಲ್ಲದ ದಿನ ನನ್ನನ್ನು ಕಂಡು ಅವರಿಗೆ ಆಶ್ಚರ್ಯ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಮರೆತು, "ನಾನು ಗೋಡೆ ಒಡೆದೆ," ಎಂದೆ.

ಅವರು ನೇರ ಗೋಡೆಯ ಕಡೆ ನಡೆದರು. ತುರುಕಿದ ರೆಂಬೆಗಳನ್ನು ಒಂದೊಂದಾಗಿ ಹೊರಗೆಳೆದರು. ಭುಜದವರೆಗೆ ಕೈ ಒಳಗೆ ಹಾಕಿ, ಕಣ್ಣು ಮುಚ್ಚಿ, ಕಾಂಡವನ್ನು ಮುಟ್ಟಿ ನೋಡಿದರು. ನಾನು ಬೈಗುಳಕ್ಕೆ ಕಾದೆ.

"ಯಾಕೆ ಮಾಡಿದಿರಿ?"

"ಉಬ್ಬಿತ್ತು. ಎರಡು ಅಂಗುಲ. ದಾರ ಕಟ್ಟಿ ನೋಡಿದೆ."

"ದಾರ ಕಟ್ಟಿದಿರಿ," ಎಂದು ಅವರು ಮೆಲ್ಲಗೆ ಹೇಳಿದರು. "ಬನ್ನಿ."

ನನ್ನನ್ನು ಮನೆಯೊಳಗೆ ಕರೆದುಕೊಂಡು ಹೋಗಿ, ನೃತ್ಯದ ಹಜಾರದ ಅದೇ ಬಾಗಿಲಲ್ಲಿ ನಿಲ್ಲಿಸಿದರು. ಮಧ್ಯಾಹ್ನದ ಬಿಸಿಲು. ಓಕ್ ಮರದ ನೆರಳು ಗೋಡೆಯ ಒಂದು ಭಾಗದ ಮೇಲೆ ಬಿದ್ದಿತ್ತು. ನೆರಳು ಬಿದ್ದ ಹಸಿರು ಕಣ್ಣಿಗೆ ಹಿಂದಕ್ಕೆ ಸರಿದಂತೆ ಕಾಣುತ್ತದೆ, ಗೋಡೆ ಅಲ್ಲಿ ಒಳಗೆ ಕುಸಿದಿದೆ ಅನ್ನಿಸುತ್ತದೆ. ಮೊದಲ ಮಾಲಿ ಅದನ್ನು ಗಮನಿಸಿದ್ದನೆಂದು ಅವರು ಹೇಳಿದರು. ಓಕ್ ಮರ ಕಡಿಯೋಣವೆಂದು ಮಾಲೀಕರು ಹೇಳಿದರಂತೆ. ಈ ಮರ ನಾವು ಬರುವ ಮೊದಲೇ ಇಲ್ಲಿತ್ತು, ಅದಿರಲಿ, ಎಂದು ಹೇಳಿ ಅವನು ನೆರಳು ಬೀಳುವಷ್ಟು ಉದ್ದಕ್ಕೆ ಗೋಡೆಯನ್ನೇ ಎರಡು ಅಂಗುಲ ಮುಂದಕ್ಕೆ ಬೆಳೆಸಿದ. ಅವನ ನಂತರ ಬಂದವನು ಆ ಎರಡು ಅಂಗುಲ ಕಾಪಾಡಿದ. ಅವನ ನಂತರದವನೂ ಕಾಪಾಡಿದ. ಆಮೇಲೆ ಮಾರ್ಗರೆಟ್. ಇದು ಯಾವ ಪುಸ್ತಕದಲ್ಲೂ ಇಲ್ಲ. ಒಬ್ಬರು ಇನ್ನೊಬ್ಬರನ್ನು ಈ ಬಾಗಿಲಲ್ಲಿ ನಿಲ್ಲಿಸಿ ತೋರಿಸುತ್ತಾ ಬಂದದ್ದು.

ನಾನು ಮೊದಲ ದಿನ ಇದೇ ಬಾಗಿಲಲ್ಲಿ ಉಸಿರು ಬಿಡದೆ ನಿಂತು ನೋಡಿದ ಆ ಗೆರೆ ನೇರವಾಗಿ ಕಂಡದ್ದು ಸೊಟ್ಟಗಿದ್ದುದರಿಂದ. ಈಗ ಅಲ್ಲೊಂದು ಹಳ್ಳ, ಹಳ್ಳದ ನಡುವೆ ಕಪ್ಪು ಬಾಯಿ.

"ನಿಮಗೆ ಇದನ್ನ ತೋರಿಸಿರಲಿಲ್ಲ. ಅದು ನನ್ನ ತಪ್ಪು," ಎಂದರು ಮಾರ್ಗರೆಟ್. ಆ ಕಪ್ಪು ಬಾಯಿಯ ಕಡೆಗೇ ನೋಡುತ್ತಾ, "ಮಾರ್ಚಿಗೆ ನನ್ನ ಕೆಲಸ ಮುಗಿಯುತ್ತೆ. ಬೇಲೀನ ಇಡಿಯಾಗಿ ಬಿಟ್ಟು ಹೋಗ್ತೀನಿ ಅಂದ್ಕೊಂಡಿದ್ದೆ," ಎಂದರು. ಅವರ ಧ್ವನಿ ಆಗಲೂ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. ಐವತ್ತು ದಾಟಿದ ನಾನು ಆ ಹಜಾರದಲ್ಲಿ, ಯಾರೂ ಕೂರಬಾರದ ಕುರ್ಚಿಯ ಪಕ್ಕದಲ್ಲಿ ನಿಂತು ಅತ್ತುಬಿಟ್ಟೆ. ಅವರು ತೋಟದ ಕೈಗವಸೊಂದನ್ನು ನನ್ನ ಕೈಗೆ ಕೊಟ್ಟರು. ಕರವಸ್ತ್ರವೆಂದುಕೊಂಡು ಕೊಟ್ಟರೋ, ಕೆಲಸಕ್ಕೆ ಹೊರಡಿ ಎಂದು ಕೊಟ್ಟರೋ ಇವತ್ತಿಗೂ ಗೊತ್ತಿಲ್ಲ. ಮುಖಕ್ಕೆ ಮಣ್ಣಾಯಿತು.

ಹೊರಗೆ ಬಂದು ತೂತಿನ ಎರಡೂ ಪಕ್ಕದ ಹಸಿರು ರೆಂಬೆಗಳನ್ನು ಮೆಲ್ಲಗೆ ಬಾಗಿಸಿ, ಮೆತ್ತನೆಯ ಸೆಣಬಿನ ಹುರಿಯಿಂದ ಒಂದಕ್ಕೊಂದು ಕಟ್ಟಿದರು. ಗಂಟು ಹೇಗೆ ಹಾಕಬೇಕೆಂದು ನನ್ನ ಕೈ ಹಿಡಿದು ಕಲಿಸಿದರು. ಒಳಗೆ ಬೆಳಕು ಬಿದ್ದದ್ದರಿಂದ ಹಳೆಯ ಕಾಂಡವೇ ಚಿಗುರುತ್ತದೆ, ಯೂ ಮರಕ್ಕೆ ಆ ಗುಣವಿದೆ ಎಂದರು. ಪ್ರತಿ ವಸಂತದಲ್ಲೂ ಹುರಿ ಸಡಿಲಿಸಬೇಕು, ಇಲ್ಲದಿದ್ದರೆ ರೆಂಬೆಯ ಕತ್ತು ಹಿಸುಕಿಹೋಗುತ್ತದೆ. ನಾನು ಕತ್ತರಿ ಒಂದು ವರ್ಷ ಮುಟ್ಟಬಾರದು. ಮಾಡಿದ್ದನ್ನು ಮೇಲಿನವರಿಗೂ ನಾನೇ ಬರೆದು ತಿಳಿಸಬೇಕು. ಬರೆದೆ. ನನ್ನನ್ನು ತೆಗೆದುಹಾಕುತ್ತಾರೆಂದು ಎರಡು ವಾರ ಕಾದೆ. ಮಾರ್ಗರೆಟ್ ಏನು ಹೇಳಿದರೋ, ತೆಗೆದುಹಾಕಲಿಲ್ಲ.

ಮಾರ್ಚಿನಲ್ಲಿ ಅವರು ನಿವೃತ್ತರಾಗಿ ವಾಲ್ನಟ್ ಕ್ರೀಕಿನಲ್ಲಿರುವ ಮಗನ ಮನೆ ಸೇರಿದರು. ಹೋಗುವ ದಿನ ನನ್ನನ್ನೂ ಹೊಸ ಮಾಲಿಯನ್ನೂ ಒಟ್ಟಿಗೆ ಬಾಗಿಲಲ್ಲಿ ನಿಲ್ಲಿಸಿ ಆ ನೆರಳನ್ನು ತೋರಿಸಿದರು. ನಾಲ್ಕು ಜನ ಮಾಲಿಗಳಿಗೆ ಮಾತ್ರ ಗೊತ್ತಿದ್ದ ಗುಟ್ಟಿನಲ್ಲಿ, ಅದನ್ನು ಕೆಡಿಸಿದ ಏಕೈಕ ವ್ಯಕ್ತಿಯಾಗಿ, ನಾನೂ ಸೇರಿದೆ.

ಅಲ್ಲಿಂದ ನಾಲ್ಕು ವಸಂತ ಕಳೆದಿವೆ. ಮೊದಲ ವರ್ಷ ಒಳಗಿನ ಕಾಂಡದ ಮೇಲೆ ಸಾಸಿವೆಯಷ್ಟು ಹಸಿರು ಚುಕ್ಕೆಗಳು ಕಂಡ ದಿನ ಮನೆಗೆ ಮರಳುವಾಗ ಫ್ರೀವೇ ಪಕ್ಕಕ್ಕೆ ಕಾರು ನಿಲ್ಲಿಸಿ ಸುಮಿತ್ರಾಗೆ ಫೋನು ಮಾಡಿದೆ. "ಅನಘಾ ಹುಟ್ಟಿದಾಗ ಇಷ್ಟು ಖುಷಿ ಪಟ್ಟಿರ್ಲಿಲ್ಲ ನೀವು," ಎಂದಳು. ಎರಡನೆಯ ವರ್ಷ ಹುರಿ ಸಡಿಲಿಸಲು ತಡವಾಗಿ ಒಂದು ರೆಂಬೆ ಸತ್ತಿತು. ಮೂರನೆಯ ವರ್ಷ ತೂತು ಅಂಗೈಯಷ್ಟಾಯಿತು. ಈ ಏಪ್ರಿಲ್‌ನಲ್ಲಿ ಹುರಿಯನ್ನು ಪೂರ್ತಿ ಬಿಚ್ಚಿದೆ. ರೆಂಬೆಗಳು ಚಿಮ್ಮಿ ಹಳೆಯ ಜಾಗಕ್ಕೆ ಹೋಗುತ್ತವೆಯೋ ಎಂದು ಕೈ ಅಡ್ಡ ಹಿಡಿದುಕೊಂಡೇ ನಿಂತಿದ್ದೆ. ಅವು ಅಲ್ಲಾಡಲಿಲ್ಲ. ತಾವು ಮೊದಲಿಂದ ಅಲ್ಲೇ ಇದ್ದವರ ಹಾಗೆ ಇದ್ದವು.

ಬಾಗಿಲಿಂದ ಒಂದು ಫೋಟೋ ತೆಗೆದುಕೊಂಡು ಮುಂದಿನ ಭಾನುವಾರ ಸುಮಿತ್ರಾ ಜೊತೆ ವಾಲ್ನಟ್ ಕ್ರೀಕಿಗೆ ಹೋದೆ. ಮಾರ್ಗರೆಟ್‌ಗೆ ಈಗ ಮೊಣಕಾಲು ನೋವು. ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಹೆಚ್ಚು ಏಳುವುದಿಲ್ಲ. ನನ್ನ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಎರಡು ಬೆರಳಲ್ಲಿ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು. ನಾನು ಶಭಾಷ್‌ಗಿರಿಗೆ ಕಾದಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

"ತೂತು ಮುಚ್ಚಿದೆ," ಎಂದರು. "ಇನ್ನು ಆ ಎರಡು ಅಂಗುಲ ಮುಂದಕ್ಕೆ ಬರಬೇಕು. ಯೂ ಮರ ಆತುರ ಪಡಲ್ಲ. ಹತ್ತು ವರ್ಷ ಬೇಕಾಗಬಹುದು."

ಸುಮಿತ್ರಾ ನನ್ನ ಮುಖ ನೋಡಿದಳು. ಅವಳು ನನ್ನ ವಯಸ್ಸಿಗೆ ಹತ್ತು ಕೂಡಿಸುತ್ತಿದ್ದಾಳೆಂದು ತಿಳಿಯಿತು. ನಾನೂ ಮಾರ್ಗರೆಟ್ ವಯಸ್ಸಿಗೆ ಹತ್ತು ಕೂಡಿಸುತ್ತಿದ್ದೆ. ಮಾರ್ಗರೆಟ್ ಮಾತ್ರ ಏನನ್ನೂ ಕೂಡಿಸುತ್ತಿದ್ದ ಹಾಗೆ ಕಾಣಲಿಲ್ಲ. ಫೋನು ವಾಪಸು ಕೊಟ್ಟು, ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಪರವಾಗಿಲ್ಲ," ಎಂದೆ. "ಶನಿವಾರ ನನಗೆ ಬಿಡುವಿರುತ್ತೆ."